ಕುಂಡ ಬದಲಾಯಿತು, ಗಿಡ ಮುನಿಸಿಕೊಂಡಿತು

ಗಣರಾಜ್ಯೋತ್ಸವದ ಹೊತ್ತಿಗೆ ಬೆಂಗಳೂರಿನ ಲಾಲ್‌ಬಾಗ್ ಗೇಟಿನ ಮುಂದೆ ಹತ್ತು ನಿಮಿಷ ನಿಂತು ನೋಡಿ. ಫಲಪುಷ್ಪ ಪ್ರದರ್ಶನ ಮುಗಿಸಿ ಹೊರಬರುವವರ ಕೈಯಲ್ಲಿ ಕಪ್ಪು ಪಾಲಿಥಿನ್ ಕವರಿನ ಗಿಡಗಳು. ಸ್ಕೂಟರಿನಲ್ಲಿ ಕಾಲಿಡುವ ಜಾಗದಲ್ಲೊಂದು ದಾಸವಾಳ, ಹಿಂದೆ ಕೂತವರ ಮಡಿಲಲ್ಲೊಂದು ಗುಲಾಬಿ, ಆಟೋದಿಂದ ಹೊರಗೆ ತಲೆ ಹಾಕಿ ಗಾಳಿಗೆ ಒದ್ದಾಡುವ ಸೇವಂತಿಗೆ. ಮನೆ ತಲುಪಿದ ಕೂಡಲೇ ಹೊಸ ಕುಂಡ, ಹೊಸ ಮಣ್ಣು, ಒಂದು ಹಿಡಿ ಗೊಬ್ಬರ, ಮೇಲೊಂದು ಬಕೆಟ್ ನೀರು. ಸಂಜೆಗೆ ಮನೆಮಂದಿಯ ವಾಟ್ಸ್‌ಆ್ಯಪ್ ಗುಂಪಿಗೆ ಫೋಟೊ. ಮೂರನೆಯ ದಿನ ಎಲೆ ಜೋಲು. ವಾರ ಕಳೆಯುವಷ್ಟರಲ್ಲಿ ಮೊಗ್ಗೆಲ್ಲ ನೆಲದ ಮೇಲೆ. ಆಮೇಲೆ ‘ನರ್ಸರಿಯವನು ಮೋಸ ಮಾಡಿದ’ ಎಂಬ ಸಿಟ್ಟು, ಇಲ್ಲವೇ ‘ನನ್ನ ಕೈಗುಣವೇ ಸರಿಯಿಲ್ಲ’ ಎಂಬ ವೈರಾಗ್ಯ.

ಬಹಳ ಸಲ ಎರಡೂ ಸುಳ್ಳು. ಕುಂಡ ಬದಲಿಸುವಾಗ ಬೇರಿಗೆ ಪೆಟ್ಟು ಬಿದ್ದಿದೆ, ಅಷ್ಟೆ. ಅದು ಮಾಯಲು ದಾಸವಾಳದಂಥ ಗಿಡಕ್ಕೆ ಮೂರರಿಂದ ಆರು ವಾರ ಬೇಕಾಗಬಹುದು. ಆ ಪೆಟ್ಟಿನಿಂದಲೇ ಸಾಯುವ ಗಿಡಗಳು ಕಡಿಮೆ. ಬಾಡಿದ್ದನ್ನು ನೋಡಲಾರದೆ ನಾವು ಮಾಡುವ ಉಪಚಾರಕ್ಕೆ ಸಾಯುವವೇ ಹೆಚ್ಚು.

ಕಣ್ಣಿಗೆ ಕಾಣದ ಬೇರು

ಬೇರು ಎಂದರೆ ಗಿಡ ಕಿತ್ತಾಗ ಕಾಣುವ ಕಂದು ದಾರಗಳು ಎಂದುಕೊಳ್ಳುತ್ತೇವೆ. ಗಿಡವನ್ನು ಹಿಡಿದು ನಿಲ್ಲಿಸುವುದು, ನೀರನ್ನು ಮೇಲಕ್ಕೆ ಸಾಗಿಸುವುದು ಅವುಗಳ ಕೆಲಸ. ಮಣ್ಣಿನಿಂದ ನೀರು ಹೀರುವ ಕೆಲಸದ ದೊಡ್ಡ ಪಾಲು ಎಳೆ ಬೇರಿನ ತುದಿಗಿಂತ ತುಸು ಹಿಂದೆ ಮೂಡುವ ಬೇರುಗೂದಲುಗಳದ್ದು. ಒಂದೊಂದು ಗೂದಲೂ ಒಂದೇ ಜೀವಕೋಶದ ಚಾಚು. ಮಣ್ಣಿನ ಕಣಗಳ ಸಂದಿಗೆ ನುಗ್ಗಿ ಅಲ್ಲಿ ಅಂಟಿಕೊಂಡಿರುವ ತೆಳು ನೀರನ್ನು ಅದು ಎಳೆದುಕೊಳ್ಳುತ್ತದೆ. ಆಯಸ್ಸು ಕೆಲವೇ ದಿನ, ಹೆಚ್ಚೆಂದರೆ ಕೆಲವು ವಾರ. ಹಳೆಯವು ಸಾಯುತ್ತ, ಬೇರಿನ ತುದಿ ಮುಂದೆ ಬೆಳೆದಂತೆ ಹೊಸವು ಹುಟ್ಟುತ್ತ ಇರುತ್ತವೆ.

1937ರಲ್ಲಿ ಅಮೆರಿಕದ ಸಸ್ಯವಿಜ್ಞಾನಿ ಎಚ್. ಜೆ. ಡಿಟ್‌ಮರ್, ಪೆಟ್ಟಿಗೆಯಲ್ಲಿ ಬೆಳೆಸಿದ ನಾಲ್ಕು ತಿಂಗಳ ಒಂದೇ ಒಂದು ರೈ ಗಿಡದ ಬೇರನ್ನು ತೊಳೆದು ಲೆಕ್ಕ ಹಾಕಿದರು. ಬಂದ ಅಂದಾಜು ಸುಮಾರು 1,400 ಕೋಟಿ ಬೇರುಗೂದಲು. ನಮ್ಮ ದಾಸವಾಳದ ಸಂಖ್ಯೆ ಬೇರೆಯಿರಬಹುದು, ಆದರೆ ವ್ಯವಸ್ಥೆ ಇದೇ. ಕುಂಡವನ್ನು ತಲೆಕೆಳಗು ಮಾಡಿ ತಟ್ಟಿ, ಮಣ್ಣಿನ ಹೆಂಟೆಯನ್ನು ಕೈಯಿಂದ ಒಡೆದ ಕ್ಷಣದಲ್ಲಿ ಇಂಥ ಅಸಂಖ್ಯ ಗೂದಲುಗಳು ಹರಿದುಹೋಗುತ್ತವೆ. ದಪ್ಪ ಬೇರೆಲ್ಲ ಉಳಿದಿರುವುದರಿಂದ ಏನೂ ಆಗಿಲ್ಲ ಅನ್ನಿಸುತ್ತದೆ.

ಇತ್ತ ಎಲೆಗಳ ಖರ್ಚು ನಿಂತಿಲ್ಲ. ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್ ಕುಂಡದಲ್ಲಿ ಬೆಳೆಸಿದ ಒಂದು ಸೂರ್ಯಕಾಂತಿ ಗಿಡವನ್ನು ಬೆಳಿಗ್ಗೆ ಸಂಜೆ ತೂಗಿದವರು. ಮಣ್ಣಿನಿಂದ ನೀರು ಆವಿಯಾಗದಂತೆ ಕುಂಡದ ಬಾಯಿಗೆ ಸೀಸದ ತಗಡು ಮುಚ್ಚಿದ್ದರು. ಹಗಲಿನ 12 ಗಂಟೆಯಲ್ಲಿ ಆ ಗಿಡ ಸರಾಸರಿ ಅರ್ಧ ಲೀಟರಿಗೂ ಹೆಚ್ಚು ನೀರನ್ನು ಗಾಳಿಗೆ ಬಿಡುತ್ತಿತ್ತು ಎಂದು 1727ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ದಾಖಲಿಸಿದರು. ಬೇರು ಹೀರಿದ ನೀರಿನಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಪಾಲು ಹೀಗೆ ಎಲೆಗಳಿಂದ ಆವಿಯಾಗಿ ಹೋಗುತ್ತದೆ ಎಂಬುದು ಈಗ ಎಲ್ಲರೂ ಒಪ್ಪಿರುವ ಮಾತು.

ಆದಾಯ ಕುಸಿದಿದೆ, ಖರ್ಚು ಹಾಗೇ ಇದೆ. ಗಿಡ ಮೊದಲು ಎಲೆಗಳ ಸೂಕ್ಷ್ಮ ರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ. ಅದರಿಂದ ನೀರು ಉಳಿಯುತ್ತದೆ, ಆದರೆ ಗಾಳಿ ಒಳಗೆ ಬರದೆ ಆಹಾರ ತಯಾರಿಕೆಯೂ ಕುಂಟುತ್ತದೆ. ಅದೂ ಸಾಲದಾದಾಗ ಹಳೆಯ ಎಲೆಗಳನ್ನು ಹಳದಿ ಮಾಡಿ ಉದುರಿಸುತ್ತದೆ, ಮೊಗ್ಗುಗಳನ್ನು ಕಳಚುತ್ತದೆ. ದಾಸವಾಳವಂತೂ ಮೊಗ್ಗು ಕಳಚುವುದರಲ್ಲಿ ಎತ್ತಿದ ಕೈ. ನೋಡುವವರಿಗೆ ಇದು ಸಾವಿನ ಲಕ್ಷಣ. ಗಿಡದ ಮಟ್ಟಿಗೆ ಉಳಿತಾಯ.

ಗದ್ದೆ ನಾಟಿ ಮಾಡುವವರಿಗೆ ಇದು ಹೊಸತಲ್ಲ. ಸಸಿಮಡಿಯಿಂದ ಕಿತ್ತು ನೆಟ್ಟ ಭತ್ತದ ಪೈರು ಮೊದಲ ದಿನಗಳಲ್ಲಿ ಹಳದಿಗೆ ತಿರುಗಿ ಮಂಕಾಗಿ ನಿಲ್ಲುತ್ತದೆ, ಬೇರು ಹಿಡಿದ ಮೇಲೆ ತಾನಾಗಿ ಹಸಿರೇರುತ್ತದೆ. ಯಾವ ರೈತನೂ ಆ ಹಳದಿ ನೋಡಿ ಪೈರನ್ನು ಮತ್ತೆ ಕಿತ್ತು ಬೇರು ಪರೀಕ್ಷಿಸುವುದಿಲ್ಲ. ಬಾಲ್ಕನಿಯಲ್ಲಿ ಗಿಡ ಬೆಳೆಸುವ ನಾವು ಮಾಡುತ್ತೇವೆ.

ಈ ಗಿಡ ಎಲ್ಲಿಂದ ಬಂತು?

ನರ್ಸರಿಯಲ್ಲಿ ಕೊಂಡ ಗಿಡ ಅಲ್ಲೇ ಹುಟ್ಟಿ ಬೆಳೆದದ್ದಾಗಿರಬೇಕೆಂದಿಲ್ಲ. ಬೆಂಗಳೂರಿನ ನರ್ಸರಿಗಳಿಗೆ ಲಾರಿಗಟ್ಟಲೆ ಗಿಡ ಹೊರಗಿನಿಂದ ಬರುತ್ತದೆ. ಆಂಧ್ರದ ರಾಜಮಹೇಂದ್ರವರಂ ಪಕ್ಕದ ಕಡಿಯಂ ಅದಕ್ಕೆ ಹೆಸರಾದ ಊರು. ಪುಣೆ ಕಡೆಯಿಂದಲೂ ಬರುತ್ತದೆ. ಇದನ್ನು ತಿಳಿದಿರಬೇಕಾದದ್ದು ಅಭಿಮಾನಕ್ಕಲ್ಲ, ಬೇರಿನ ಸುತ್ತ ಯಾವ ಮಣ್ಣಿದೆ ಎಂದು ಊಹಿಸುವುದಕ್ಕೆ.

ಗೋದಾವರಿ ಬಯಲಿನ ಗಿಡದ ಬುಡದಲ್ಲಿ ಸಾಮಾನ್ಯವಾಗಿ ಜೇಡಿಮಣ್ಣಿನ ಗಟ್ಟಿ ಉಂಡೆ ಇರುತ್ತದೆ. ಲಾರಿಯಲ್ಲಿ ಸಾಗಿಸುವಾಗ ಒಡೆಯದಿರಲು ಅದು ಒಳ್ಳೆಯದೇ. ಅದೇ ಉಂಡೆಯನ್ನು ಹಾಗೇ ತಂದು ಹಗುರವಾದ ಮಣ್ಣಿನ ನಡುವೆ ಕೂರಿಸಿದರೆ ತೊಂದರೆ ಶುರು. ಒಣಗಿದರೆ ಇಟ್ಟಿಗೆಯಾಗುತ್ತದೆ, ಹಾಕಿದ ನೀರು ಸುತ್ತಲಿನ ಸಡಿಲ ಮಣ್ಣಿನಲ್ಲಿ ಇಳಿದು ತಳದಿಂದ ಹೊರಟುಹೋಗುತ್ತದೆ. ಒದ್ದೆಯಾದರೆ ದಿನಗಟ್ಟಲೆ ಒದ್ದೆ.

ಇನ್ನೊಂದು ಬಗೆಯದ್ದು ತೆಂಗಿನ ನಾರಿನ ಪುಡಿಯಲ್ಲಿ, ಅಂದರೆ ಕೊಕೊಪೀಟ್‌ನಲ್ಲಿ ಬೆಳೆಸಿದ ಗಿಡ. ಇದರ ಕಷ್ಟ ತಿರುಗುಮುರುಗು. ಸಡಿಲ ಪೀಟಿನ ಉಂಡೆಯನ್ನು ಕೆಮ್ಮಣ್ಣಿನಲ್ಲಿ ನೆಟ್ಟರೆ ಸಣ್ಣ ಕಣಗಳ ಮಣ್ಣು ಉಂಡೆಯ ನೀರನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಮೇಲಿನ ಮಣ್ಣು ಮುಟ್ಟಿದರೆ ಹಸಿ, ಬೇರಿರುವ ಉಂಡೆ ಮಾತ್ರ ಒಣ. ಹೊಸ ಬೇರುಗಳು ಆಚೆ ದಾಟುವವರೆಗೆ, ಅಂದರೆ ಮೊದಲ ಎರಡು ಮೂರು ವಾರ, ನೀರು ಬೀಳಬೇಕಾದದ್ದು ಕುಂಡದ ಅಂಚಿನಲ್ಲಲ್ಲ, ಕಾಂಡದ ಬುಡದ ಸುತ್ತ.

ಹಾಗಾದರೆ ಹಳೆಯ ಮಣ್ಣನ್ನೆಲ್ಲ ತೊಳೆದುಬಿಡಬೇಕೆ? ತೊಳೆಯುವವರಿದ್ದಾರೆ, ವಿಡಿಯೊ ಮಾಡಿ ತೋರಿಸುವವರೂ ಇದ್ದಾರೆ. ಹೂಬಿಡುವ ಗಿಡಕ್ಕೆ, ಅದೂ ಹೊಸಬರ ಕೈಯಲ್ಲಿ, ಅದು ಬೇಡ ಅನ್ನುತ್ತೇನೆ. ಜೇಡಿ ಉಂಡೆಯಾದರೆ ಒಂದರ್ಧ ಗಂಟೆ ಬಕೆಟ್ ನೀರಿನಲ್ಲಿ ನೆನೆಸಿ, ಹೊರಗಿನ ಪದರ ತಾನಾಗಿ ಸಡಿಲವಾದಷ್ಟನ್ನು ಮಾತ್ರ ಬೆರಳಿನಿಂದ ಬಿಡಿಸಿದರೆ ಸಾಕು. ಪೀಟಿನ ಉಂಡೆಯಾದರೆ, ಸುತ್ತಿ ಸುತ್ತಿ ಬಲೆಯಾದ ಬೇರುಗಳನ್ನು ನಾಲ್ಕು ಕಡೆ ಬಿಡಿಸಿ, ತಳದ ಗಂಟನ್ನು ಒಂದಿಷ್ಟು ಕತ್ತರಿಸಿ. ಕೆಲವು ಗಿಡಗಳ ಬುಡದಲ್ಲಿ ಸಸಿಯಾಗಿದ್ದಾಗ ಕೂರಿಸಿದ್ದ ಸಣ್ಣ ಪ್ಲಾಸ್ಟಿಕ್ ಜಾಳಿಗೆ ಬುಟ್ಟಿಯೋ ಬಟ್ಟೆಯ ಚೀಲವೋ ಹಾಗೇ ಉಳಿದಿರುತ್ತದೆ. ಅದು ಕಂಡರೆ ಜೋಪಾನವಾಗಿ ಕತ್ತರಿಸಿ ತೆಗೆಯಿರಿ.

ತಂದ ದಿನವೇ ಕುಂಡ ಬದಲಿಸುವ ಅವಸರವೂ ಬೇಡ. ನೆರಳು ಪರದೆಯ ಕೆಳಗೆ ಬೆಳೆದ ಗಿಡ ನಿಮ್ಮ ತಾರಸಿಯ ಬಿಸಿಲನ್ನು ಕಂಡಿಲ್ಲ, ದಾರಿಯುದ್ದಕ್ಕೂ ಗಾಳಿಗೆ ಒಣಗಿದೆ. ಒಂದೆರಡು ವಾರ ತಂದ ಕವರಿನಲ್ಲೇ ನಿಮ್ಮ ಮನೆಯ ಹವೆಗೆ ಒಗ್ಗಲಿ. ಮೈತುಂಬ ಹೂವಿದ್ದರೆ ಆ ಹೂವಿನ ಸರದಿ ಮುಗಿಯಲಿ.

ತಳದಲ್ಲಿ ಕಲ್ಲು ಹಾಕಬೇಕೆ?

ಕುಂಡದ ತಳಕ್ಕೆ ಹೆಂಚಿನ ಚೂರು, ಜಲ್ಲಿ ತುಂಬಿದರೆ ನೀರು ಬೇಗ ಬಸಿಯುತ್ತದೆ ಎಂದು ಅಜ್ಜಿಯಿಂದ ಮೊಮ್ಮಗಳವರೆಗೆ ಎಲ್ಲರೂ ನಂಬಿದ್ದೇವೆ. ವಾಸ್ತವ ಉಲ್ಟಾ. ಸಣ್ಣ ರಂಧ್ರಗಳ ಮಣ್ಣಿನಿಂದ ದೊಡ್ಡ ಸಂದಿಗಳ ಜಲ್ಲಿಗೆ ನೀರು ಸುಲಭವಾಗಿ ಇಳಿಯುವುದಿಲ್ಲ. ಮೇಲಿನ ಮಣ್ಣು ಪೂರ್ತಿ ತೊಯ್ದು ತುಂಬಿದ ಮೇಲಷ್ಟೇ ಹನಿ ಕೆಳಗೆ ಬೀಳುತ್ತದೆ. ಹಾಗಾಗಿ ಯಾವ ಕುಂಡದಲ್ಲೂ ಮಣ್ಣಿನ ಕೆಳತುದಿಯಲ್ಲಿ ಒಂದು ತೊಯ್ದ ಪಟ್ಟಿ ನಿಂತೇ ಇರುತ್ತದೆ. ಎರಡಂಗುಲ ಜಲ್ಲಿ ಹಾಕಿದರೆ ಆ ಪಟ್ಟಿ ಎರಡಂಗುಲ ಮೇಲಕ್ಕೆ, ಬೇರಿನ ಹತ್ತಿರಕ್ಕೆ ಬರುತ್ತದೆ. ತೂತಿನಿಂದ ಮಣ್ಣು ಸೋರದಿರಲು ಒಂದು ಹೆಂಚಿನ ಚೂರು ಅಡ್ಡ ಇಟ್ಟರೆ ಸಾಕು.

ಪಾತ್ರೆ ತೊಳೆಯುವ ಸ್ಪಂಜನ್ನು ನೀರಲ್ಲಿ ಅದ್ದಿ ಅಡ್ಡಡ್ಡ ಹಿಡಿಯಿರಿ, ತೊಟ್ಟಿಕ್ಕುವುದು ನಿಂತ ಮೇಲೆ ಉದ್ದಕ್ಕೆ ನಿಲ್ಲಿಸಿ. ಮತ್ತಷ್ಟು ನೀರು ಸುರಿಯುತ್ತದೆ. ಕುಂಡವೂ ಹಾಗೇ: ಒಂದೇ ಮಣ್ಣು ತುಂಬಿದರೂ ಆಳದ ಕುಂಡದಲ್ಲಿ ತೊಯ್ದ ಪಟ್ಟಿಯ ಪಾಲು ಕಡಿಮೆ, ತಟ್ಟೆಯಂಥ ಕುಂಡದಲ್ಲಿ ಹೆಚ್ಚು.

‘ಮತ್ತೆ ಮತ್ತೆ ಬದಲಿಸುವ ತಾಪತ್ರಯ ಬೇಡ’ ಎಂದು ಒಮ್ಮೆಗೇ ದೊಡ್ಡ ಕುಂಡಕ್ಕೆ ಹಾಕುವುದೂ ಇದೇ ಕಾರಣಕ್ಕೆ ಅಪಾಯ. ಬೇರಿಲ್ಲದ ಮಣ್ಣಿನಲ್ಲಿ ನೀರು ಕುಡಿಯುವವರೇ ಇಲ್ಲ. ಅದು ಹಸಿಯಾಗೇ ಇದ್ದು ಕೊಳೆಗೆ ದಾರಿ ಮಾಡುತ್ತದೆ. ಎಂಟಂಗುಲದ ಕುಂಡದ ಗಿಡಕ್ಕೆ ಹತ್ತಂಗುಲದ್ದು ಸಾಕು. ಬೆಂಗಳೂರು, ಕೋಲಾರ ಕಡೆಯ ಕೆಮ್ಮಣ್ಣು ಕುಂಡದಲ್ಲಿ ಒತ್ತಿ ಕೂರುವ ಮಣ್ಣು. ಅದಕ್ಕೆ ಸಮಪಾಲು ಮರಳು, ಸಮಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ ಸೇರಿಸುವ ಹಳೆಯ ಲೆಕ್ಕ ಈಗಲೂ ಒಳ್ಳೆಯದೇ. ಎಂ-ಸ್ಯಾಂಡ್ ಬಳಸುವವರು ಅದರ ದೂಳನ್ನು ತೊಳೆದು ಬಳಸಬೇಕು, ಇಲ್ಲದಿದ್ದರೆ ಸಿಮೆಂಟಿನಂತೆ ಕಚ್ಚಿಕೊಳ್ಳುತ್ತದೆ. ಮಣ್ಣಿನ ಹೊಸ ಕುಂಡವಾದರೆ ಒಂದು ರಾತ್ರಿ ನೀರಲ್ಲಿ ಮುಳುಗಿಸಿಡಿ. ಗಿಡ ಮೊದಲು ಎಷ್ಟು ಆಳದಲ್ಲಿತ್ತೋ ಅಷ್ಟೇ ಆಳಕ್ಕೆ ಕೂರಿಸಿ.

ಬಾಡಿದ ಗಿಡಕ್ಕೆಲ್ಲ ನೀರು ಬೇಡ

ಮೊದಲ ನೀರು ಧಾರಾಳವಾಗಿರಲಿ. ತಳದ ತೂತಿನಿಂದ ಹರಿದು ಬರುವಷ್ಟು ಹಾಕಿದಾಗ ಮಣ್ಣು ಕೂತು, ಬೇರಿನ ಸುತ್ತ ಉಳಿದ ಪೊಳ್ಳು ಜಾಗ ತುಂಬುತ್ತದೆ. ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿ.

ಕಷ್ಟ ಇರುವುದು ಎರಡನೆಯ ನೀರಿನಲ್ಲಿ. ಎಲೆ ಜೋತು ಬಿದ್ದಿದೆ, ಮನಸ್ಸು ತಡೆಯುವುದಿಲ್ಲ, ಬೆಳಿಗ್ಗೆ ಒಂದು ಚೊಂಬು, ಸಂಜೆ ಒಂದು ಚೊಂಬು. ಮಣ್ಣಿನಲ್ಲಿ ನೀರಿಲ್ಲದೆ ಬಾಡುವುದಕ್ಕೂ ನೀರಿದ್ದು ಬೇರು ಹೀರಲಾರದೆ ಬಾಡುವುದಕ್ಕೂ ನೋಡಲು ವ್ಯತ್ಯಾಸವೇ ಇಲ್ಲ. ಈಗಿನದು ಎರಡನೆಯ ಬಗೆ. ಬೇರೂ ಉಸಿರಾಡುತ್ತದೆ. ಹೊಸ ಬೇರು ಮೂಡಲು ಅದಕ್ಕೆ ಮಣ್ಣಿನ ಸಂದಿಗಳಲ್ಲಿ ಗಾಳಿ ಬೇಕು. ಸಂದಿಗಳೆಲ್ಲ ನೀರಿನಿಂದ ತುಂಬಿದರೆ ಗಾಯವಾದ ಬೇರು ಉಸಿರುಕಟ್ಟಿ ಸಾಯುತ್ತದೆ, ತೇವದಲ್ಲಿ ಕಾದು ಕುಳಿತ ಪಿಥಿಯಂನಂಥ ಕೊಳೆರೋಗಾಣುಗಳು ಒಳನುಗ್ಗುತ್ತವೆ. ಬೇರು ಸತ್ತಷ್ಟೂ ಎಲೆ ಬಾಡುತ್ತದೆ, ಎಲೆ ಬಾಡಿದಷ್ಟೂ ನಾವು ನೀರು ಹಾಕುತ್ತೇವೆ.

ಎಲೆ ನೋಡಿ ನೀರು ಹಾಕಬೇಡಿ, ಮಣ್ಣು ಮುಟ್ಟಿ ಹಾಕಿ. ತೋರುಬೆರಳನ್ನು ಎರಡು ಗೆಣ್ಣಿನವರೆಗೆ ಇಳಿಸಿ. ತೇವವಿದ್ದರೆ ಅವತ್ತು ನೀರಿಲ್ಲ. ಕುಂಡ ಎತ್ತುವಂತಿದ್ದರೆ ಇನ್ನೂ ಸುಲಭ: ಮೊದಲ ನೀರು ಬಸಿದ ಮೇಲೆ ಒಮ್ಮೆ ಎತ್ತಿ ತೂಕ ಅಂದಾಜಿಸಿಕೊಳ್ಳಿ, ಹಗುರವಾದಾಗ ಹಾಕಿ. ಮಧ್ಯಾಹ್ನ ಬಾಡಿ ಬೆಳಗಿನ ಜಾವಕ್ಕೆ ಚೇತರಿಸಿಕೊಳ್ಳುವ ಗಿಡದ ಬಗ್ಗೆ ಚಿಂತೆ ಬೇಡ. ರಾತ್ರಿ ಖರ್ಚು ಕಡಿಮೆಯಾದಾಗ ಅದು ಸರಿತೂಗಿಸಿಕೊಳ್ಳುತ್ತಿದೆ ಎಂದೇ ಅರ್ಥ. ಬೆಳಿಗ್ಗೆಯೂ ಬಾಡಿದ್ದು, ಮಣ್ಣು ಒದ್ದೆಯಿದ್ದರೆ ಮಾತ್ರ ಎಚ್ಚರ.

ನೀರು ಯಾವುದೆಂಬುದೂ ಗಮನದಲ್ಲಿರಲಿ. ಮನೆಯ ಆರ್‌ಒ ಫಿಲ್ಟರ್ ಹೊರಬಿಡುವ ನೀರನ್ನು ಗಿಡಕ್ಕೆ ಹಾಕುವುದು ಉಳಿತಾಯವೇನೋ ಹೌದು, ಆದರೆ ಮೂಲ ನೀರಿನ ಲವಣವೆಲ್ಲ ಅದರಲ್ಲಿ ಸಾಂದ್ರವಾಗಿರುತ್ತದೆ. ಚೇತರಿಸಿಕೊಳ್ಳುತ್ತಿರುವ ಬೇರಿಗೆ ಅದು ಬೇಡ. ನೆಲ ಒರೆಸಲು ಬಳಸಿ.

ನೆರಳು, ಮತ್ತೊಂದು ಗಾಜಿನ ಪೆಟ್ಟಿಗೆ

ಬೇರಿನ ಆದಾಯವನ್ನು ಒಂದೇ ದಿನಕ್ಕೆ ಹೆಚ್ಚಿಸಲಾಗದು, ಎಲೆಯ ಖರ್ಚನ್ನು ಇಳಿಸಬಹುದು. ಮಲೆನಾಡಿನವರು ಎಳೆಯ ಅಡಿಕೆ ಸಸಿಗೆ ಪಡುವಣ ಬಿಸಿಲು ಬಡಿಯದಂತೆ ಸೋಗೆಯ ಮರೆ ಕಟ್ಟುವುದು ಇದೇ ತಿಳಿವಳಿಕೆಯಿಂದ. ಕುಂಡ ಬದಲಿಸಿದ ಗಿಡವನ್ನು ಒಂದು ವಾರದಿಂದ ಹತ್ತು ದಿನ ಬೆಳಕಿರುವ, ಆದರೆ ನೇರ ಬಿಸಿಲು ಬೀಳದ ಜಾಗದಲ್ಲಿಡಿ. ಕತ್ತಲ ಮೂಲೆ ಬೇಡ. ಬೆಳಕಿಲ್ಲದೆ ಆಹಾರ ತಯಾರಾಗದು, ಆಹಾರವಿಲ್ಲದೆ ಬೇರು ಹುಟ್ಟದು. ಆಮೇಲೆ ಬೆಳಗಿನ ಬಿಸಿಲು, ಇನ್ನೊಂದು ವಾರ ಬಿಟ್ಟು ಪೂರ್ತಿ ಬಿಸಿಲು. ಎತ್ತರದ ಅಪಾರ್ಟ್‌ಮೆಂಟುಗಳಲ್ಲಿ ಬಿಸಿಲಿಗಿಂತ ಗಾಳಿ ಕೆಟ್ಟದ್ದು. ಹತ್ತನೆಯ ಮಹಡಿಯ ಬಾಲ್ಕನಿಯ ಕಂಬಿಗೆ ತೂಗುಹಾಕಿದ ಕುಂಡವನ್ನು ಈ ದಿನಗಳಲ್ಲಿ ಕೆಳಗಿಳಿಸಿ ಗೋಡೆಯ ಮರೆಗೆ ತನ್ನಿ.

ತೀರಾ ಬಾಡಿದ ಗಿಡಕ್ಕೆ ಇನ್ನೂ ಒಂದು ಉಪಾಯವಿದೆ. ಅದರ ಹಿಂದೆ ಒಂದು ಕತೆಯೂ ಇದೆ. ಲಂಡನ್ನಿನ ವೈದ್ಯ ನಥೇನಿಯಲ್ ಬ್ಯಾಗ್‌ಶಾ ವಾರ್ಡ್ 1829ರ ಸುಮಾರಿಗೆ ಪತಂಗವೊಂದರ ಕೋಶವನ್ನು ಒದ್ದೆ ಮಣ್ಣಿನ ಜತೆ ಗಾಜಿನ ಬಾಟಲಿಯಲ್ಲಿಟ್ಟು ಮುಚ್ಚಿದ್ದರು. ಪತಂಗದ ವಿಷಯ ಬದಿಗಿರಲಿ, ಆ ಮಣ್ಣಿನಲ್ಲಿ ಜರಿಗಿಡವೊಂದು ಹುಟ್ಟಿ, ನೀರು ಹಾಕದಿದ್ದರೂ ಬೆಳೆಯತೊಡಗಿತು. ಆವಿಯಾದ ನೀರು ಗಾಜಿಗೆ ತಾಗಿ ಹನಿಯಾಗಿ ಮತ್ತೆ ಮಣ್ಣಿಗೇ ಬೀಳುತ್ತಿತ್ತು. 1833ರಲ್ಲಿ ಅವರು ಅಂಥ ಗಾಜಿನ ಪೆಟ್ಟಿಗೆಗಳಲ್ಲಿ ಗಿಡಗಳನ್ನು ಹಡಗಿನಲ್ಲಿ ಸಿಡ್ನಿಗೆ ಕಳಿಸಿದರು. ತಿಂಗಳುಗಟ್ಟಲೆ ಪಯಣದ ನಂತರವೂ ಅವು ಬದುಕಿದ್ದವು. ಮುಂದೆ ರಾಬರ್ಟ್ ಫಾರ್ಚೂನ್ ಚೀನಾದ ಚಹಾ ಸಸಿಗಳನ್ನು ಭಾರತಕ್ಕೆ ಸಾಗಿಸಿದ್ದೂ ಇಂಥ ಪೆಟ್ಟಿಗೆಗಳಲ್ಲೇ.

ನಮ್ಮ ಮನೆಗಳಲ್ಲಿ ಗಾಜಿನ ಪೆಟ್ಟಿಗೆಯ ಕೆಲಸವನ್ನು ಪಾರದರ್ಶಕ ಪಾಲಿಥಿನ್ ಚೀಲ ಮಾಡುತ್ತದೆ. ಕುಂಡದಲ್ಲಿ ಮೂರು ಕಡ್ಡಿ ನೆಟ್ಟು, ಎಲೆಗೆ ತಾಗದಂತೆ ಚೀಲ ಹೊದಿಸಿ, ಎರಡು ಮೂರು ತೂತು ಮಾಡಿ. ದಿನಕ್ಕೊಮ್ಮೆ ತೆರೆದು ಗಾಳಿಯಾಡಿಸಿ. ಬಿಸಿಲಿಗಿಟ್ಟರೆ ಮಾತ್ರ ಗಿಡ ಒಳಗೇ ಬೆಂದುಹೋಗುತ್ತದೆ. ಮಳೆಗಾಲದ ಮಂಗಳೂರು, ಕಾರವಾರಗಳಲ್ಲಿ ಇದರ ಅಗತ್ಯವೇ ಇಲ್ಲ, ಗಾಳಿಯಲ್ಲೇ ಬೇಕಾದಷ್ಟು ತೇವವಿದೆ. ಬೇಸಗೆಯ ಕಲಬುರಗಿ, ರಾಯಚೂರಿನಲ್ಲಿ ಈ ಚೀಲವೂ ಕಾಪಾಡುವುದಿಲ್ಲ; ಅಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಕುಂಡ ಬದಲಿಸದಿರುವುದೇ ವಾಸಿ.

ಮೊಗ್ಗು ಚಿವುಟಿ, ಎಲೆ ಬಿಡಿ

ಇದು ಮನಸ್ಸಿಗೆ ಒಪ್ಪದ ಮಾತು. ಹೂವಿಗಾಗಿಯೇ ತಂದ ಗಿಡದ ಹೂ, ಮೊಗ್ಗುಗಳನ್ನು ಮೊದಲ ಮೂರ್ನಾಲ್ಕು ವಾರ ಚಿವುಟಿ ಹಾಕಬೇಕು. ಹೂ ಅರಳಿಸಲು ಸಕ್ಕರೆಯೂ ಬೇಕು, ನೀರೂ ಬೇಕು. ಎರಡೂ ಈಗ ಬೇರಿನ ಕಡೆ ಹರಿಯಬೇಕಾದವು.

ಎಲೆಯ ವಿಷಯದಲ್ಲಿ ತಜ್ಞರ ಮಾತು ಬದಲಾಗಿದೆ. ಬೇರು ಕಡಿಮೆಯಾದಷ್ಟು ಕೊಂಬೆಯನ್ನೂ ಕತ್ತರಿಸಿ ಸರಿದೂಗಿಸಬೇಕು ಎನ್ನುವುದು ಹಳೆಯ ಕ್ರಮ. ಈಗಲೂ ಅನೇಕ ಮಾಲಿಗಳು ಮೂರನೆಯ ಒಂದು ಪಾಲು ಕತ್ತರಿಸಿಯೇ ನೆಡುತ್ತಾರೆ. ಆದರೆ ಹೊಸ ಬೇರು ಮೂಡಲು ಬೇಕಾದ ಸಕ್ಕರೆ ತಯಾರಾಗುವುದು ಹಸಿರೆಲೆಯಲ್ಲಿ, ಬೇರಿಗೆ ಬೆಳೆಯೆಂದು ಹೇಳುವ ಆಕ್ಸಿನ್ ಎಂಬ ಚೋದಕ ತಯಾರಾಗುವುದು ಚಿಗುರಿನ ತುದಿಯಲ್ಲಿ. ಸ್ಥಳಾಂತರಿಸಿದ ಮರಗಳ ಮೇಲೆ ನಡೆದ ಅಧ್ಯಯನಗಳ ನಂತರ, ಸರಿದೂಗಿಸುವ ನೆಪದಲ್ಲಿ ಹಸಿರು ಕತ್ತರಿಸಬೇಡಿ ಎಂಬ ಸಲಹೆಯೇ ಈಗ ಸಾಮಾನ್ಯ. ಮುರಿದದ್ದು, ಒಣಗಿದ್ದು ತೆಗೆಯಿರಿ. ದಪ್ಪ ಬೇರುಗಳೇ ಕತ್ತರಿಸಿಹೋಗಿದ್ದರೆ ತುದಿಗಳನ್ನು ಸ್ವಲ್ಪ ಸವರಬಹುದು. ಉಳಿದದ್ದು ಹಾಗೇ ಇರಲಿ; ಯಾವ ಎಲೆ ಬೇಡವೆಂದು ಗಿಡವೇ ನಿರ್ಧರಿಸುತ್ತದೆ.

ಟಾನಿಕ್ಕಿನ ಆಸೆ

ಸೊರಗಿದ ಗಿಡ ಕಂಡರೆ ಡಿಎಪಿಯ ನಾಲ್ಕು ಕಾಳು, 19:19:19ರ ಒಂದು ಚಮಚ, ಹಸಿ ಸೆಗಣಿಯ ನೀರು ಇವೆಲ್ಲ ಕೈಗೆ ಬರುತ್ತವೆ. ರಸಗೊಬ್ಬರವೆಂದರೆ ಲವಣ. ಮಣ್ಣಿನ ನೀರಿನಲ್ಲಿ ಲವಣ ಹೆಚ್ಚಾದರೆ ಬೇರು ನೀರು ಎಳೆದುಕೊಳ್ಳುವುದು ಕಷ್ಟವಾಗುತ್ತದೆ, ಇನ್ನೂ ಹೆಚ್ಚಾದರೆ ಬೇರಿನೊಳಗಿನ ನೀರೇ ಹೊರಬರುತ್ತದೆ. ಹಸಿ ಸೆಗಣಿಯಿಂದ ಬರುವ ಅಮೋನಿಯಾ ಎಳೆ ಬೇರನ್ನು ಸುಡುತ್ತದೆ. ಬೇವಿನ ಹಿಂಡಿ ಒಳ್ಳೆಯದೇ, ಆದರೆ ಬೇರಿಗೆ ತಾಗಿಕೊಂಡು ಕೊಳೆಯುವಷ್ಟು ಸುರಿಯಬಾರದು. ಹೊಸ ಚಿಗುರು ಕಾಣುವವರೆಗೆ, ಸುಮಾರು ನಾಲ್ಕು ವಾರ, ಏನೂ ಬೇಡ. ಆಮೇಲೂ ಪೊಟ್ಟಣದ ಮೇಲೆ ಬರೆದದ್ದರ ಅರ್ಧ ಪ್ರಮಾಣದಿಂದ ಶುರು ಮಾಡಿ. ಅಕ್ಕಿ ತೊಳೆದ ನೀರಿನಲ್ಲಿ ಇರುವುದು ಹೆಚ್ಚಾಗಿ ಪಿಷ್ಟ. ಸದಾ ಒದ್ದೆಯಿರುವ ಕುಂಡಕ್ಕೆ ಅದನ್ನು ಸುರಿದರೆ ಸಣ್ಣ ನೊಣಗಳಿಗೆ ಹಬ್ಬ.

ಗಿಡಕ್ಕೆ ವಿಟಮಿನ್ ಕೊಡುವ ಕಲ್ಪನೆಗೂ ಒಂದು ಇತಿಹಾಸವಿದೆ. 1930ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ವಿಜ್ಞಾನಿ ಜೇಮ್ಸ್ ಬಾನರ್, ಗಿಡದಿಂದ ಬೇರ್ಪಡಿಸಿ ಗಾಜಿನ ತಟ್ಟೆಯಲ್ಲಿ ಬೆಳೆಸಿದ ಬೇರಿನ ತುಂಡುಗಳು ವಿಟಮಿನ್ ಬಿ1 ಕೊಟ್ಟಾಗ ಬೆಳೆಯುವುದನ್ನು ಕಂಡರು. ಸುದ್ದಿ ಹಬ್ಬಿ, ನಾಟಿ ಮಾಡಿದ ಗಿಡಕ್ಕೆ ಬಿ1 ಟಾನಿಕ್ ಭರ್ಜರಿ ವ್ಯಾಪಾರವಾಯಿತು. ಇಡೀ ಗಿಡಗಳ ಮೇಲೆ ಪ್ರಯೋಗಿಸಿ ನೋಡಿದಾಗ ಪ್ರಯೋಜನ ಕಾಣಲಿಲ್ಲ, ಬಾನರ್ ಅವರೇ ಆಮೇಲೆ ಅದನ್ನು ಒಪ್ಪಿಕೊಂಡರು. ಎಲೆಯಿರುವ ಗಿಡ ತನಗೆ ಬೇಕಾದ ಬಿ1 ತಾನೇ ತಯಾರಿಸಿಕೊಳ್ಳುತ್ತದೆ. ಟಾನಿಕ್ ಮಾತ್ರ ಇಂದಿಗೂ ಮಾರಾಟವಾಗುತ್ತಿದೆ.

ಎಲ್ಲ ಗಿಡವೂ ದಾಸವಾಳವಲ್ಲ

ಕಾಗದದ ಹೂವಿನ, ಅಂದರೆ ಬೋಗನ್‌ವಿಲ್ಲಾದ ಗಿಡ ಮುಳ್ಳು ತೋರಿಸಿ ಹೆದರಿಸಿದರೂ ಬೇರು ಬಲು ಸೂಕ್ಷ್ಮ. ಉಂಡೆ ಬಿಡಿಸುವ ಗೋಜಿಗೇ ಹೋಗದೆ, ಕವರನ್ನು ಬ್ಲೇಡಿನಿಂದ ಸೀಳಿ ಉಂಡೆ ಸಮೇತ ಕೂರಿಸಿ. ಗುಲಾಬಿ ಬಹುಪಾಲು ಕಸಿ ಗಿಡ. ಕಸಿಯ ಗಂಟು ಮಣ್ಣಿನ ಮೇಲಿರಲಿ, ಗಂಟಿನ ಕೆಳಗಿನಿಂದ ಬರುವ ಚಿಗುರು ನೀವು ಹಣ ಕೊಟ್ಟ ಗುಲಾಬಿಯದ್ದಲ್ಲವಾದ್ದರಿಂದ ಅದನ್ನು ತೆಗೆದುಬಿಡಿ. ದುಂಡುಮಲ್ಲಿಗೆಗೆ ವರ್ಷಕ್ಕೊಮ್ಮೆ ಚಳಿಗಾಲದಲ್ಲಿ ಸವರುವ ವಾಡಿಕೆಯಿದೆ. ಕುಂಡ ಬದಲಿಸಲೂ ಅದೇ ಸಮಯ, ಬೇಸಗೆಯ ಹೂವಿನ ಹೊತ್ತಿಗೆ ಚೇತರಿಸಿಕೊಂಡಿರುತ್ತದೆ.

ಅಡೇನಿಯಂ ಮೇಲೆ ಹೇಳಿದ್ದನ್ನೆಲ್ಲ ತಲೆಕೆಳಗು ಮಾಡುತ್ತದೆ. ಅದರ ಗಡ್ಡೆಯಂಥ ಬುಡದಲ್ಲೇ ನೀರಿದೆ. ಕತ್ತರಿಸಿದ ಬೇರಿನ ಗಾಯ ಒಣಗುವವರೆಗೆ ಕೆಲವು ದಿನ ಅದಕ್ಕೆ ಮೊದಲ ನೀರನ್ನೂ ಕೊಡುವಂತಿಲ್ಲ. ಮರದ ಮೇಲೆ ಬದುಕುವ ಡೆಂಡ್ರೋಬಿಯಂನಂಥ ಆರ್ಕಿಡ್‌ಗಳಿಗೆ ಮಣ್ಣೇ ಬೇಡ. ಇದ್ದಿಲು, ತೆಂಗಿನ ಸಿಪ್ಪೆಯ ತುಂಡು ಸಾಕು. ಪ್ರದರ್ಶನದಿಂದ ತಂದ ಕುಂಡದ ಸೇವಂತಿಗೆಯ ಬಗ್ಗೆ ಒಂದು ಮಾತು: ಹಗಲು ಗಿಡ್ಡವಾದಾಗ ಹೂಬಿಡುವ ಗಿಡ ಅದು. ಹೂ ಮುಗಿದ ಮೇಲೆ ಸೊರಗಿದರೆ ಕುಂಡದ ತಪ್ಪೂ ಅಲ್ಲ, ನಿಮ್ಮ ತಪ್ಪೂ ಅಲ್ಲ. ಬುಡದಿಂದ ಚಿಗುರು ಬಂದರೆ ಮುಂದಿನ ಚಳಿಗಾಲಕ್ಕೆ ಕಾಯಬಹುದು.

ಎಸೆಯುವ ಮುನ್ನ

ಹಳದಿಯಲ್ಲೂ ಎರಡು ಬಗೆ. ಕೆಳಗಿನ ಹಳೆಯ ಎಲೆ ಇಡಿಯಾಗಿ ಹಳದಿಯಾಗಿ ಉದುರಿದರೆ ಅದು ಕುಂಡ ಬದಲಿಸಿದ್ದರ ಫಲ. ತುದಿಯ ಹೊಸ ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿದರೆ ಅದು ಕಬ್ಬಿಣದ ಕೊರತೆ. ಬೋರ್‌ವೆಲ್ಲಿನ ಗಡಸು ನೀರು ಕುಡಿಯುವ ದಾಸವಾಳಗಳಲ್ಲಿ ಇದು ಮಾಮೂಲು. ಮಳೆನೀರು ಸಿಕ್ಕಾಗ ಹಿಡಿದಿಟ್ಟು ಹಾಕುವುದು ಒಳ್ಳೆಯ ಮದ್ದು. ಸೊರಗಿದ ದಾಸವಾಳಕ್ಕೆ ಹಿಟ್ಟು ತಿಗಣೆಯೂ ಬೇಗ ಅಂಟುತ್ತದೆ. ಚಿಗುರಿನ ಸಂದಿಯಲ್ಲಿ ಹತ್ತಿಯಂಥ ಬಿಳಿ ಕಂಡರೆ ಸಂಜೆ ಹೊತ್ತು ನೀರು ಚಿಮ್ಮಿ ತೊಳೆಯಿರಿ. ಬೇವಿನೆಣ್ಣೆಯ ಸಿಂಪಡಣೆ ಗಿಡ ತಲೆಯೆತ್ತಿದ ಮೇಲಿರಲಿ.

ಮಣ್ಣು ಒದ್ದೆಯಿದ್ದು ಬೆಳಿಗ್ಗೆಯೂ ಬಾಡಿ, ಕುಂಡದ ತೂತಿನ ಬಳಿ ಕೊಳೆತ ವಾಸನೆ ಬಂದರೆ ಆಗ ಮಾತ್ರ ಮತ್ತೆ ಹೊರತೆಗೆಯುವ ಸಾಹಸ ಮಾಡಬಹುದು. ಕಂದುಗಟ್ಟಿ ಮೆತ್ತಗಾದ ಬೇರನ್ನೆಲ್ಲ ಕತ್ತರಿಸಿ, ಬಿಳಿಯಾಗಿ ಗಟ್ಟಿಯಾಗಿರುವುದನ್ನು ಉಳಿಸಿಕೊಂಡು, ಹೊಸ ಮಣ್ಣಿನಲ್ಲಿ, ಮೊದಲಿಗಿಂತ ಚಿಕ್ಕ ಕುಂಡದಲ್ಲಿ ನೆಡಿ. ಇದರಲ್ಲಿ ಉಳಿಯುವ ಗಿಡವೂ ಇದೆ, ಉಳಿಯದ್ದೂ ಇದೆ. ಮೇಲೆ ಹಸಿರು ಕಡ್ಡಿ ಉಳಿದಿದ್ದರೆ ಅದೇ ದಿನ ನಾಲ್ಕು ತುಂಡು ಕತ್ತರಿಸಿ ಬೇರೆ ನೆಟ್ಟುಕೊಳ್ಳಿ. ನಮ್ಮ ನಾಟಿ ಕೆಂಪು ದಾಸವಾಳ ಕಡ್ಡಿಯಿಂದಲೇ ಊರೂರು ಹಬ್ಬಿದ ಗಿಡ.

ಎಲ್ಲ ಎಲೆ ಉದುರಿ ಬರೀ ಕಡ್ಡಿ ನಿಂತಿದ್ದರೆ ಉಗುರಿನಿಂದ ತೊಗಟೆ ಸ್ವಲ್ಪ ಕೆರೆದು ನೋಡಿ. ತುದಿಯಲ್ಲಿ ಒಣಗಿ ಕಂದಾಗಿದ್ದರೆ ಕೆಳಕ್ಕೆ ಬನ್ನಿ, ಬುಡದವರೆಗೂ ನೋಡಿ. ಎಲ್ಲಾದರೂ ಹಸಿರು ಕಂಡರೆ ಗಿಡ ಬದುಕಿದೆ. ಎಲೆಯಿಲ್ಲದ ಗಿಡಕ್ಕೆ ನೀರಿನ ಖರ್ಚೂ ಇಲ್ಲ. ಮಣ್ಣು ಪೂರ್ತಿ ಒಣಗದಷ್ಟು ಮಾತ್ರ ಹಾಕುತ್ತ ನೆರಳಲ್ಲಿಡಿ. ಕುಂಡ ಬದಲಿಸಿದ ತಾರೀಖನ್ನು ಮಾರ್ಕರಿನಲ್ಲಿ ಅದರ ಮೇಲೇ ಬರೆದಿಡಿ, ಎರಡು ತಿಂಗಳು ತುಂಬುವ ಮುನ್ನ ಆ ಗಿಡವನ್ನು ಕಸದ ಗಾಡಿಗೆ ಹಾಕಬೇಡಿ.